ಪಿತೃಋಣವೂ ಸಭೆಯ ದಫ್ತರವೂ

ಬ್ರಾಹ್ಮಣನು ಹುಟ್ಟುವಾಗಲೇ ಮೂರು ಋಣಗಳನ್ನು ಹೊತ್ತು ಹುಟ್ಟುತ್ತಾನೆಂದು ತೈತ್ತಿರೀಯ ಸಂಹಿತೆಯು ಹೇಳಿದೆ. ಬ್ರಹ್ಮಚರ್ಯದಿಂದ ಋಷಿಗಳ ಋಣವೂ, ಯಜ್ಞದಿಂದ ದೇವತೆಗಳ ಋಣವೂ, ಸಂತಾನದಿಂದ ಪಿತೃಗಳ ಋಣವೂ ತೀರತಕ್ಕದ್ದು. ಮಹಾಭಾರತದ ಆದಿಪರ್ವದಲ್ಲಿ ಪಾಂಡುರಾಜನು ಈ ಮಾತನ್ನು ಇನ್ನೂ ವಿಸ್ತರಿಸಿದ್ದಾನೆ. ಅವನ ಮತದಂತೆ ಋಣಗಳು ನಾಲ್ಕು. ಅವು ಒಂದು ವರ್ಣಕ್ಕೆ ಮಾತ್ರವಲ್ಲ, ಮನುಷ್ಯರಾಗಿ ಹುಟ್ಟಿದವರೆಲ್ಲರಿಗೂ ಉಂಟು. ನಾಲ್ಕನೆಯದು ಸಹಮಾನವರ ಋಣ. ಅದು ಆನೃಶಂಸ್ಯದಿಂದ, ಅಂದರೆ ಕ್ರೂರತನವಿಲ್ಲದ ನಡತೆಯಿಂದ ತೀರುವದು. ಪಿತೃಗಳ ಋಣ, ಮಾನವರ ಋಣ ಎಂಬ ಈ ಎರಡೂ ಒಮ್ಮೊಮ್ಮೆ ಒಂದಕ್ಕೊಂದು ಎದುರಾಗಿ ನಿಲ್ಲುವವು. ಅಂಥ ಒಂದು ಪ್ರಸಂಗವನ್ನು ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿದೆ.

ಶ್ರಾದ್ಧದಲ್ಲಿ ಕರ್ತನು ತಂದೆ, ಅಜ್ಜ, ಮುತ್ತಜ್ಜ ಎಂಬ ಮೂವರ ಹೆಸರನ್ನೂ ಗೋತ್ರವನ್ನೂ ಉಚ್ಚರಿಸಬೇಕು. ಹೆಸರು ತಿಳಿಯದಿದ್ದರೆ ‘ಪೃಥಿವೀಷತ್’ ಮೊದಲಾದ ಸಾಮಾನ್ಯನಾಮಗಳಿಂದ ಕರೆಯಬಹುದೆಂದು ಶಾಸ್ತ್ರಕಾರರು ದಯೆಯಿಟ್ಟು ದಾರಿ ತೋರಿಸಿದ್ದಾರೆ. ಇದರಿಂದ ಕರ್ಮವು ಕೆಡುವದಿಲ್ಲ. ಆದರೆ ಕರ್ಮವು ಸಾಂಗವಾದ ಮಾತ್ರಕ್ಕೆ ಮನಸ್ಸು ತಣಿಯುವದೆಂಬ ನಿಯಮವಿಲ್ಲ. ತನ್ನನ್ನು ಹಡೆದವರನ್ನು ಹಡೆದವರು ಯಾರು, ಅವರು ಏನುಂಡರು, ಯಾವ ದೇವರಿಗೆ ಕೈಮುಗಿದರು, ಯಾವ ಕಷ್ಟಕ್ಕೆ ಊರು ಬಿಟ್ಟರು ಎಂಬ ಜಿಜ್ಞಾಸೆಯು ಒಮ್ಮೆ ಮೂಡಿದರೆ ಅದು ಸಾಮಾನ್ಯನಾಮದಿಂದ ಶಾಂತವಾಗದು. ಈಚಿನ ಕಾಲದಲ್ಲಿ ಇಂಥ ಜಿಜ್ಞಾಸುಗಳು ಎಲ್ಲ ಜಾತಿಮತಗಳಲ್ಲಿಯೂ ಹೆಚ್ಚಾಗಿದ್ದಾರೆ. ಅವರಲ್ಲಿ ಒಬ್ಬನು ತನ್ನ ಮುತ್ತಜ್ಜನ ಜಾಡು ಹಿಡಿದು ಹೋಗಿ ಒಂದು ಹಳೆಯ ಕ್ರೈಸ್ತ ದೇವಾಲಯದ ಬಾಗಿಲಿಗೆ ಬಂದು ನಿಂತರೆ, ಆಗ ಅವನ ಧರ್ಮವೇನು? ಅಲ್ಲಿಂದ ಹಿಂದಿರುಗಬೇಕೋ, ಒಳಗೆ ಹೋಗಿ ದಫ್ತರವನ್ನು ತೆರೆಯಬೇಕೋ? ತೆರೆದರೆ ಅದರಲ್ಲಿ ಕಂಡುದನ್ನೆಲ್ಲ ಹೇಳಬೇಕೋ?

ಪ್ರಶ್ನೆಯು ಗಾಳಿಯಲ್ಲಿ ತೂಗದಿರಲೆಂದು ಅದನ್ನು ಒಂದು ಊರಿಗೆ ಕಟ್ಟಿ ನೋಡುವದು ಮೇಲು. ಮೊರಬವು ಧಾರವಾಡ ಜಿಲ್ಲೆಯ ನವಲಗುಂದ ತಾಲೂಕಿನ ಯರಿನೆಲದ ಊರು. ಇಂಥ ಊರುಗಳಲ್ಲಿ ಒಕ್ಕಲುಮನೆಗಳ ವಂಶಾವಳಿಯನ್ನು ಕಾಯ್ದುಕೊಂಡು ಬಂದವರು ಹೆಳವರು. ಸುಗ್ಗಿ ತೀರಿ ಕಾಳು ಕಣದಿಂದ ಮನೆಗೆ ಬಂದ ಮೇಲೆ, ಎತ್ತನ್ನೇರಿಕೊಂಡು ಬರುವ ಹೆಳವನು ಕಟ್ಟೆಯ ಮೇಲೆ ಕುಳಿತು ಆ ಮನೆತನದ ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಹೆಸರುಗಳನ್ನು ಎಣಿಸಿ ಹೇಳುತ್ತಿದ್ದನು. ಕಾಳನ್ನು ಕಾಣಿಕೆಯಾಗಿ ಪಡೆದು ಮುಂದಿನ ಊರಿಗೆ ಹೋಗುತ್ತಿದ್ದನು. ಬಾಯಲ್ಲಿದ್ದುದು ಮುಂದೆ ಪುಸ್ತಕಕ್ಕೂ ಇಳಿಯಿತು. ಮನೆತನದವರು ಮರೆತುದನ್ನು ಹೆಳವನು ಮರೆಯಲಿಲ್ಲ. ಎತ್ತಿನ ಮೇಲೆ ಕುಳಿತ ಇತಿಹಾಸಕಾರನೆಂದು ಅವನನ್ನು ಕರೆದರೆ ತಪ್ಪಾಗದು.

ಇನ್ನು ಇಂಥ ಊರೊಂದರಿಂದ ನಾಲ್ಕೈದು ತಲೆಗಳ ಹಿಂದೆ ಧಾರವಾಡಕ್ಕೋ ಹುಬ್ಬಳ್ಳಿಗೋ ಹೋಗಿ ಕ್ರೈಸ್ತ ಸಭೆಯನ್ನು ಸೇರಿದ ಒಬ್ಬನನ್ನೂ, ಅವನ ಹಿಂದಿನ ಹೆಸರನ್ನು ಹುಡುಕುತ್ತ ಇಂದು ಹೊರಟ ಅವನ ಸಂತತಿಯವನನ್ನೂ ಊಹಿಸಿಕೊಂಡರೆ ಸಾಕು. ಹೆಳವನ ಎಣಿಕೆಯಲ್ಲಿ ಅಣ್ಣತಮ್ಮಂದಿರ ಬಳ್ಳಿಗಳು ಮುಂದೆ ಹಬ್ಬುತ್ತವೆ, ಈ ಒಬ್ಬನ ಹೆಸರಿನ ಮುಂದೆ ಎಳೆಯು ನಿಂತುಹೋಗುತ್ತದೆ. ಸಭೆಯ ಪುಸ್ತಕದಲ್ಲಿ ಅದೇ ಮನುಷ್ಯನು ಹೊಸ ಹೆಸರಿನಿಂದ ಮೊದಲಿಗನಾಗಿ ಕಾಣಿಸಿಕೊಳ್ಳುತ್ತಾನೆ, ಅವನ ಹಿಂದೆ ಏನೂ ಇಲ್ಲ. ಒಂದು ಗ್ರಂಥಕ್ಕೆ ಅವನು ಕೊನೆ, ಇನ್ನೊಂದಕ್ಕೆ ಆದಿ. ಎರಡನ್ನೂ ಒಟ್ಟಿಗೆ ಓದಿದವನಿಗೆ ಮಾತ್ರ ಅವನು ಒಬ್ಬ ತಾಯಿಯ ಮಗನಾಗಿಯೂ ಒಬ್ಬ ಮಗನ ತಂದೆಯಾಗಿಯೂ ತೋರುವನು. ವಂಶಶೋಧನದಲ್ಲಿ ಸಭೆಯ ಇತಿಹಾಸವು ಅನಿವಾರ್ಯವಾಗಿ ಬರುವದು ಈ ಕಾರಣದಿಂದ. ದಫ್ತರವನ್ನು ಬರೆದವರು ಯಾರು, ಎಲ್ಲಿಂದ ಬಂದರು, ಏನನ್ನು ಬರೆಯುವ ರೂಢಿ ಅವರಿಗಿತ್ತು ಎಂಬದನ್ನು ಅರಿಯದವನಿಗೆ ಅದರ ಒಂದು ಸಾಲೂ ಅರ್ಥವಾಗದು.

ಈ ಪ್ರಾಂತದ ಹಳೆಯ ಪ್ರಾಟೆಸ್ಟಂಟ್ ಸಭೆಗಳು ಬಹುತರವಾಗಿ ಬಾಸೆಲ್ ಮಿಶನ್ನಿನಿಂದ ಹುಟ್ಟಿದವು. ಸ್ವಿಟ್ಜರ್ಲಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರಲ್ಲಿ ಮಂಗಳೂರಿಗೆ ಬಂದರು. ಅಲ್ಲಿಂದ ಘಟ್ಟವನ್ನೇರಿ ಧಾರವಾಡದಲ್ಲಿ 1837ರಲ್ಲಿ, ಹುಬ್ಬಳ್ಳಿಯಲ್ಲಿ 1839ರಲ್ಲಿ, ಬೆಟಗೇರಿಯಲ್ಲಿ 1841ರಲ್ಲಿ ಠಾಣೆಗಳನ್ನು ಸ್ಥಾಪಿಸಿದರು. ಆ ದಿನಗಳಲ್ಲಿ ಕಾಲಜ್ಞಾನದ ನುಡಿಗಳನ್ನು ನಂಬಿದ ಕೆಲವು ಜನರು, ತಮ್ಮ ಗ್ರಂಥಗಳಲ್ಲಿ ಹೇಳಿದ ಕಾಲವು ಬಂತೆಂದು ತಿಳಿದು ಮಿಶನರಿಗಳ ಬಳಿಗೆ ಬಂದರು. ಅಂಥವರು ಒಕ್ಕಲುತನ ಮಾಡಿಕೊಂಡು ನೆಲೆಸಲೆಂದು ಗದುಗಿನ ಹತ್ತಿರದ ಮಲಸಮುದ್ರದಲ್ಲಿ 1841ರಲ್ಲಿ ಒಂದು ನೆಲೆಯನ್ನು ಏರ್ಪಡಿಸಿದರು. ಎಣಿಸಿದಷ್ಟು ಜನರು ಬರಲಿಲ್ಲ, ಯೋಜನೆಯು ಫಲಿಸಲಿಲ್ಲ. ಮುಂದೆ 1876ರಿಂದ 1878ರವರೆಗೆ ಧಾತು ಮತ್ತು ಈಶ್ವರ ಸಂವತ್ಸರಗಳ ಘೋರವಾದ ಬರವು ಈ ನಾಡನ್ನು ಸುಟ್ಟಿತು. ಆಗ ಅನಾಥರಾದ ಮಕ್ಕಳು ಮಿಶನ್ನಿನ ಅನಾಥಾಲಯಗಳಲ್ಲಿ ಬೆಳೆದರು. 1914ರಲ್ಲಿ ಮಹಾಯುದ್ಧವು ಹೊತ್ತಿಕೊಳ್ಳಲು ಜರ್ಮನ್ ಪಾದ್ರಿಗಳು ಬಂಧನಕ್ಕೆ ಒಳಗಾದರು. 1947ರಲ್ಲಿ ದಕ್ಷಿಣ ಭಾರತ ಸಭೆಯು ರೂಪುಗೊಂಡಿತು. ಇಂದು ಈ ಕಡೆಯ ಸಭೆಗಳು ಧಾರವಾಡವನ್ನು ಕೇಂದ್ರವಾಗಿ ಉಳ್ಳ ಅದರ ಉತ್ತರ ಕರ್ನಾಟಕದ ಪ್ರಾಂತಕ್ಕೆ ಸೇರಿವೆ. ಇಷ್ಟು ಸಂಗತಿಯನ್ನು ಅರಿತರೆ, ಒಂದು ಹೆಸರು ಕಾಲಜ್ಞಾನದ ನಂಬಿಗೆಯಿಂದ ಬಂದಿತೋ, ಬರಗಾಲದಿಂದ ಬಂದಿತೋ, ಶಾಲೆಯ ಓದಿನಿಂದ ಬಂದಿತೋ ಎಂದು ಇಸವಿಯನ್ನು ನೋಡಿ ವಿಚಾರಿಸಲು ಆಸ್ಪದವಾಗುವದು.

ದಫ್ತರಗಳಲ್ಲಿಯೂ ಪಂಥಭೇದವುಂಟು. ಬಾಸೆಲ್ ಮಿಶನ್ನಿನವರು ಶಿಶುಗಳಿಗೂ ದೀಕ್ಷಾಸ್ನಾನವನ್ನು ಕೊಡುವವರು. ಆದುದರಿಂದ ಅವರ ಪುಸ್ತಕದಲ್ಲಿ ಮಗುವಿನ ಹೆಸರಿನ ಜೊತೆಗೆ ತಂದೆತಾಯಿಗಳ ಹೆಸರೂ ಸಿಕ್ಕುವದು. ಬ್ಯಾಪ್ಟಿಸ್ಟರು ಹಾಗಲ್ಲ. ಬುದ್ಧಿ ಬಲಿತು ತಾನಾಗಿ ನಂಬಿದವನಿಗೆ ಮಾತ್ರ ದೀಕ್ಷಾಸ್ನಾನವು ಸಲ್ಲುವದೆಂದು ಅವರ ಸಿದ್ಧಾಂತ. ಅವರ ದಫ್ತರದಲ್ಲಿ ದೀಕ್ಷೆಯ ತಾರೀಖಿನಿಂದ ಹುಟ್ಟಿದ ವರ್ಷವನ್ನು ಊಹಿಸುವವನು ಇಪ್ಪತ್ತು ಮೂವತ್ತು ವರ್ಷ ತಪ್ಪುವನು. ಅಲ್ಲಿ ವಂಶವನ್ನು ಹುಡುಕುವವನಿಗೆ ಸದಸ್ಯರ ಯಾದಿ ಮತ್ತು ಸಭೆಯ ಕೂಟಗಳ ಬರೆಹಗಳೇ ಆಧಾರ. ಈ ಭೇದವು ಶೋಧಕನಿಗೆ ಕೇವಲ ತಾಂತ್ರಿಕವಾದುದೆಂದು ಮೇಲ್ನೋಟಕ್ಕೆ ತೋರಬಹುದು. ಆಳಕ್ಕೆ ಹೋದರೆ ಪ್ರಕೃತ ಪ್ರಶ್ನೆಯ ಬೇರೇ ಅಲ್ಲಿದೆ: ಮನುಷ್ಯನ ಧರ್ಮವು ತಂದೆಯಿಂದ ಬರುವದೋ, ತನ್ನಿಂದ ಬರುವದೋ?

ಕನ್ನಡಿಗರಿಗೆ ಪರಿಚಿತವಾಗಬೇಕಾದ ಒಬ್ಬ ಬ್ಯಾಪ್ಟಿಸ್ಟನ ಜೀವನವೇ ಇದಕ್ಕೆ ನಿದರ್ಶನ. 1817ರಲ್ಲಿ ಕನ್ನಡದ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ ವಿಲಿಯಂ ಕೇರಿ ಬಂಗಾಳದ ಶ್ರೀರಾಮಪುರದಲ್ಲಿ ಇದ್ದವನು. 1812ರ ಮಾರ್ಚಿನಲ್ಲಿ ಅಲ್ಲಿಯ ಮುದ್ರಣಾಲಯಕ್ಕೆ ಬೆಂಕಿ ಬಿದ್ದು, ಸುಟ್ಟುಹೋದ ಕೈಬರೆಹಗಳಲ್ಲಿ ಕನ್ನಡ ಹೊಸ ಒಡಂಬಡಿಕೆಯೂ ಒಂದಾಗಿತ್ತು. ಆ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡಬೇಕಾಯಿತು. ಈ ಕೇರಿಯ ತಂದೆಯು ಇಂಗ್ಲಂಡಿನ ಒಂದು ಹಳ್ಳಿಯ ಶಾಲಾಮಾಸ್ತರನೂ ಅಲ್ಲಿಯ ಆಂಗ್ಲಿಕನ್ ದೇವಾಲಯದ ಗುಮಾಸ್ತನೂ ಆಗಿದ್ದನು. ಮಗನಿಗೆ ಶೈಶವದಲ್ಲಿ ಆ ಪದ್ಧತಿಯಂತೆಯೇ ದೀಕ್ಷಾಸ್ನಾನವಾಯಿತು. ಆದರೆ ಅದೇ ಮಗನು 1783ರಲ್ಲಿ, ಇಪ್ಪತ್ತೆರಡು ವರ್ಷದವನಾಗಿ, ತಂದೆಯ ಸಭೆಯನ್ನು ಬಿಟ್ಟು ನಾರ್ಥಾಂಪ್ಟನ್ನಿನ ನದಿಯಲ್ಲಿ ಮತ್ತೊಮ್ಮೆ ಮುಳುಗಿ ಎದ್ದನು. ತಂದೆಯು ಗುಮಾಸ್ತನಾಗಿದ್ದ ದೇವಾಲಯದ ದಫ್ತರವನ್ನು ಮಾತ್ರ ನೋಡುವ ಶೋಧಕನಿಗೆ ಈ ಎರಡನೆಯ ಸ್ನಾನದ ಸುಳಿವೂ ದೊರೆಯದು. ಮುಂದೆ 1800ರ ಡಿಸೆಂಬರ 28ರಂದು ಇದೇ ಕೇರಿ ಶ್ರೀರಾಮಪುರದ ಗಂಗೆಯಲ್ಲಿ ಇಬ್ಬರಿಗೆ ದೀಕ್ಷೆ ಕೊಟ್ಟನು. ಒಬ್ಬನು ಕೃಷ್ಣ ಪಾಲನೆಂಬ ಬಡಗಿ, ಇನ್ನೊಬ್ಬನು ಕೇರಿಯ ಸ್ವಂತ ಮಗ ಫೆಲಿಕ್ಸ್. ಒಂದೇ ನೀರಿನಲ್ಲಿ ಒಬ್ಬನು ತಂದೆಯ ಮಾರ್ಗವನ್ನು ಬಿಡಲು ಇಳಿದನು, ಮತ್ತೊಬ್ಬನು ತಂದೆಯ ಮಾರ್ಗವನ್ನು ಹಿಡಿಯಲು ಇಳಿದನು. ತಂದೆಯ ಮಾರ್ಗವನ್ನು ಬಿಡುವದು ಪರದೇಶದವರು ನಮ್ಮವರಿಗೆ ಕಲಿಸಿದ ಹೊಸ ರೋಗವೆಂದು ಆಡುವವರು, ಕಲಿಸಿದವನು ತಾನೇ ತಂದೆಯನ್ನು ಬಿಟ್ಟು ಬಂದವನೆಂಬದನ್ನು ಗಮನಿಸತಕ್ಕದ್ದು.

ಇನ್ನು ಪೂರ್ವಪಕ್ಷಗಳ ವಿಚಾರ. ಮೊದಲನೆಯದು ಊರಿನಲ್ಲಿ ಉಳಿದ ಮನೆತನದ ಹಿರಿಯರದು. ಸ್ವಧರ್ಮವನ್ನು ಬಿಟ್ಟವನು ನಮಗೆ ಸತ್ತಂತೆ. ಅವನ ಹೆಸರನ್ನು ವಂಶಾವಳಿಯಿಂದ ಕಳೆದದ್ದು ಸರಿ. ಅವನ ಸಂತತಿಯವನು ಬಂದು ಕೇಳಿದರೆ ಹೇಳುವದೇನೂ ಇಲ್ಲ, ಎಂಬದು ಅವರ ಮಾತು. ಯಾಜ್ಞವಲ್ಕ್ಯ ಸ್ಮೃತಿಯು ಪತಿತನನ್ನು ದಾಯಕ್ಕೆ ಅನರ್ಹರಾದವರ ಸಾಲಿನಲ್ಲಿ ಎಣಿಸಿರುವದರಿಂದ ಈ ಪಕ್ಷಕ್ಕೆ ಶಾಸ್ತ್ರದ ಬಲವಿಲ್ಲವೆಂದು ಹೇಳಲಾಗದು. ಆದರೆ ಆ ಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಇದೇ ಕನ್ನಡ ನಾಡಿನ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಇದ್ದ ಪಂಡಿತನು. ಸಪಿಂಡರೆಂದರೆ ಯಾರು ಎಂಬ ಪ್ರಶ್ನೆಗೆ ಬಂಗಾಳದ ಜೀಮೂತವಾಹನನು ಪಿಂಡಪ್ರದಾನದ ಸಂಬಂಧವುಳ್ಳವರೆಂದು ಉತ್ತರ ಕೊಟ್ಟರೆ, ವಿಜ್ಞಾನೇಶ್ವರನು ಒಂದೇ ಶರೀರದ ಅವಯವಗಳು ಯಾರಲ್ಲಿ ಹರಿದು ಬಂದಿವೆಯೋ ಅವರು ಸಪಿಂಡರೆಂದು ನಿರ್ಣಯಿಸಿದನು. ಪುತ್ರನ ಸ್ವತ್ವವೂ ಅವನ ಮತದಲ್ಲಿ ಜನ್ಮದಿಂದಲೇ ಬರುವದು. ಈ ಎರಡು ನಿರ್ಣಯಗಳ ಅಂತರವು ಬಹಳ ದೊಡ್ಡದು. ಪಿಂಡವನ್ನು ಹಾಕುವದನ್ನು ಬಿಟ್ಟವನ ಸಂಬಂಧವು ಜೀಮೂತವಾಹನನಲ್ಲಿ ಸಡಲಬಹುದು. ದೇಹದ ಸಂಬಂಧವು ಯಾವ ಮಂತ್ರದಿಂದಲೂ ಯಾವ ಸ್ನಾನದಿಂದಲೂ ತೊಳೆದುಹೋಗದು. ದಾಯವು ತಪ್ಪಬಹುದು, ತಂದೆಯ ತಂದೆತನವು ತಪ್ಪದು. ಕನ್ನಡ ನಾಡಿನ ಸ್ಮೃತಿಕಾರನೇ ಹೀಗೆ ಹೇಳಿರುವಾಗ, ಊರು ಬಿಟ್ಟ ಒಬ್ಬನ ಹೆಸರನ್ನು ಅಳಿಸಿದ ವಂಶಾವಳಿಯು ಧರ್ಮವನ್ನು ಕಾಯ್ದಂತಾಗಲಿಲ್ಲ, ಸುಳ್ಳನ್ನು ಬರೆದಂತಾಯಿತು.

1850ರ 21ನೆಯ ಕಾಯಿದೆಯು, ಮತವನ್ನು ಬಿಟ್ಟ ಮಾತ್ರಕ್ಕೆ ಯಾರೂ ತಮ್ಮ ಹಕ್ಕನ್ನೂ ಆಸ್ತಿಯನ್ನೂ ಕಳೆದುಕೊಳ್ಳಲಾಗದೆಂದು ವಿಧಿಸಿತು. ಅದರಿಂದ ಹೊಲದ ಪಾಲಿನ ಪ್ರಶ್ನೆಯು ನ್ಯಾಯಾಸ್ಥಾನದಲ್ಲಿ ತೀರಿತು. ಆದರೆ ಹೆಳವನ ಬಾಯಲ್ಲಿ ಒಂದು ಹೆಸರನ್ನು ಮತ್ತೆ ಹಾಕಿಸುವ ಅಧಿಕಾರವು ಯಾವ ಸರಕಾರಕ್ಕೂ ಇಲ್ಲ. ಅದು ಮನೆಯವರ ಮನಸ್ಸಿನಿಂದಲೇ ಆಗತಕ್ಕ ಕಾರ್ಯ.

ಮನೆಯ ಹಿರಿಯರು ಮೊರಬದ ಕಲ್ಲನ್ನು ಓದಿದರೂ ಅವರ ಹಟವು ಸಡಿಲಬಹುದು. ಅಲ್ಲಿಯ 11ನೆಯ ಶತಮಾನದ ಒಂದು ಜೈನ ಶಾಸನವು ಯಾಪನೀಯ ಸಂಘದ ನಾಗಚಂದ್ರ ಸಿದ್ಧಾಂತದೇವರೆಂಬ ಯತಿಗಳ ಸಮಾಧಿಮರಣವನ್ನು ಹೇಳುತ್ತದೆ. ಯಾಪನೀಯರು ದಿಗಂಬರರಂತೆ ನಗ್ನವ್ರತವನ್ನು ಪಾಲಿಸಿದವರು, ಶ್ವೇತಾಂಬರರಂತೆ ಸ್ತ್ರೀಯರಿಗೂ ಮೋಕ್ಷವುಂಟೆಂದು ನಂಬಿದವರು. ಕರ್ನಾಟಕದಲ್ಲಿ ಹಲವು ಶತಮಾನ ಬಾಳಿ ಮುಂದೆ ನಾಮಾವಶೇಷರಾದರು. ಇಂದು ತಾನು ಯಾಪನೀಯನೆಂದು ಹೇಳಿಕೊಳ್ಳುವ ಒಬ್ಬನೂ ಇಲ್ಲ. ಆ ಯತಿಗಳಿಗೆ ಆಹಾರವನ್ನು ಕೊಟ್ಟು ಪಾದಪೂಜೆ ಮಾಡಿದ ಶ್ರಾವಕರ ಮನೆಗಳೆಲ್ಲ ನಿರ್ವಂಶವಾದವೆಂದು ನಂಬುವದಕ್ಕೆ ಆಧಾರವಿಲ್ಲ. ಅವರ ಮಕ್ಕಳ ಮಕ್ಕಳು ಬೇರೆ ಬಸದಿಗೋ, ಮಠಕ್ಕೋ, ಗುಡಿಗೋ ನಡೆದುಕೊಂಡಿರಬೇಕು. ಆದುದರಿಂದ ಪೂರ್ವಿಕರನ್ನು ಹುಡುಕುತ್ತ ಹಿಂದೆ ಹೋಗುವವನು ಯಾವ ಮನೆಯವನಾದರೂ ಎಲ್ಲಿಯೋ ಒಂದು ಕಡೆ ಮತದ ಗಡಿಯನ್ನು ದಾಟಲೇಬೇಕು. ಕ್ರೈಸ್ತನ ಗಡಿಯು ನೂರೈವತ್ತು ವರ್ಷ ಹಿಂದಿದೆ, ಇನ್ನೊಬ್ಬನದು ಎಂಟುನೂರು ವರ್ಷ ಹಿಂದಿದೆ. ಹತ್ತಿರದ ಗಡಿಯವನನ್ನು ದೂರದ ಗಡಿಯವನು ಹಳಿಯುವದು ಕೇವಲ ಮರೆವಿನ ಬಲದಿಂದ.

ಎರಡನೆಯ ಪೂರ್ವಪಕ್ಷವು ಸಭೆಯ ಕಡೆಯಿಂದ ಬರತಕ್ಕದ್ದು. ಕ್ರಿಸ್ತನಲ್ಲಿ ಇರುವವನು ಹೊಸ ಸೃಷ್ಟಿಯೆಂದೂ ಹಳೆಯದು ಕಳೆದುಹೋಯಿತೆಂದೂ ಪೌಲನು ಬೋಧಿಸಿರುವಾಗ, ಹಳೆಯ ಹೆಸರನ್ನು ಕೆದಕಿ ಪ್ರಯೋಜನವೇನು? ಹೆಸರಿನ ಜೊತೆಗೆ ಜಾತಿಯೂ ಎದ್ದು ಬರಲಿಕ್ಕಿಲ್ಲವೇ? ಈ ಭಯವು ಕಾರಣವಿಲ್ಲದ್ದಲ್ಲ. ಸಭೆಯೊಳಗೆ ಜಾತಿಯನ್ನು ಉಳಿಸಕೂಡದೆಂದು ಬಾಸೆಲಿನವರು ಕಟ್ಟುನಿಟ್ಟು ಮಾಡಿದ್ದರು. ತನ್ನ ಪೂರ್ವಿಕರು ದೊಡ್ಡ ಕುಲದವರೆಂದು ಮೆರೆಯಲಿಕ್ಕಾಗಿಯೇ ವಂಶಾವಳಿಯನ್ನು ಹುಡುಕುವವರು ಎಲ್ಲ ಕಡೆಗೂ ಉಂಟು. ಅಂಥವರ ಶೋಧವನ್ನು ಯಾರೂ ಹೊಗಳಬೇಕಾಗಿಲ್ಲ. ಆದರೆ ಸಭೆಯವರು ತಮ್ಮ ಹೊಸ ಒಡಂಬಡಿಕೆಯ ಮೊದಲನೆಯ ಪುಟವನ್ನು ತೆರೆದು ನೋಡಲಿ. ಮತ್ತಾಯನ ಸುವಾರ್ತೆಯು ಒಂದು ವಂಶಾವಳಿಯಿಂದಲೇ ಆರಂಭವಾಗುತ್ತದೆ. ಅದರಲ್ಲಿ ಅಬ್ರಹಾಮ ದಾವೀದರಂಥ ಹಿರಿಯರ ಜೊತೆಗೆ, ವೇಷ ಮರೆಸಿಕೊಂಡು ಮಾವನಿಂದ ಸಂತಾನ ಪಡೆದ ತಾಮಾರಳೂ, ಯೆರಿಕೋವಿನ ವೇಶ್ಯೆ ರಹಾಬಳೂ, ಪರಜನಾಂಗದ ರೂತಳೂ, ದಾವೀದನು ಅಪಹರಿಸಿದ ಊರೀಯನ ಹೆಂಡತಿಯೂ ಎಣಿಕೆಗೆ ಬಂದಿದ್ದಾರೆ. ಬರೆದವನು ಯಾರನ್ನೂ ಮುಚ್ಚಿಡಲಿಲ್ಲ. ಹಳೆಯದನ್ನು ಬಿಡುವದು ಬೇರೆ, ಹಳೆಯದು ಇರಲೇ ಇಲ್ಲವೆನ್ನುವದು ಬೇರೆ.

ಇದೇ ಸೀಮೆಯ ಒಬ್ಬ ಮಹನೀಯರು ಈ ವಿವೇಕವನ್ನು ಬಾಳಿ ತೋರಿಸಿದರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ 1962ರಲ್ಲಿ ತೀರಿಕೊಂಡ ರೆವರೆಂಡ್ ಚನ್ನಪ್ಪ ದಾನಿಯೇಲಪ್ಪ ಉತ್ತಂಗಿಯವರ ಪೂರ್ವಿಕರು ಲಿಂಗಾಯತ ಮನೆತನದವರು. ಅವರು ಬಾಸೆಲ್ ಮಿಶನ್ನಿನ ಸಭಾಪಾಲಕರು. ಅವರ ಹೆಸರಿನಲ್ಲಿಯೇ ಒಂದು ವಂಶಚರಿತ್ರೆ ಅಡಗಿದೆ. ಉತ್ತಂಗಿಯೆಂಬದು ಬಳ್ಳಾರಿ ಸೀಮೆಯ ಊರಿನ ಹೆಸರು. ದಾನಿಯೇಲನೆಂಬದು ಹಳೆಯ ಒಡಂಬಡಿಕೆಯ ಪ್ರವಾದಿಯ ಹೆಸರು. ಆದರೆ ಅದು ಕನ್ನಡದ ‘ಅಪ್ಪ’ನನ್ನು ಬಿಟ್ಟು ಬಾಳಲಾರದೆ ದಾನಿಯೇಲಪ್ಪನಾಯಿತು. ಆ ದಾನಿಯೇಲಪ್ಪನು ತನ್ನ ಮಗನಿಗೆ ಚನ್ನಪ್ಪನೆಂದು ಹೆಸರಿಟ್ಟನು. ಹೀಗೆ ಬಿಟ್ಟ ಊರು, ಕೈಕೊಂಡ ಗ್ರಂಥ, ಮರೆಯಲಾರದ ಮನೆ ಮೂರೂ ಒಂದೇ ಸಹಿಯಲ್ಲಿ ಕೂಡಿದವು. ಉತ್ತಂಗಿಯವರು ಹಳ್ಳಿಹಳ್ಳಿಯ ಕೈಬರೆಹಗಳನ್ನೂ ಜನರ ಬಾಯಲ್ಲಿದ್ದ ಪಾಠಗಳನ್ನೂ ಕೂಡಿಸಿ 1924ರಲ್ಲಿ ಸರ್ವಜ್ಞನ ವಚನಗಳನ್ನು ಪ್ರಕಟಿಸಿದರು. ಶಿವಶರಣರ ಸಾಹಿತ್ಯದಲ್ಲಿ ಬಹುಕಾಲ ಪರಿಶ್ರಮಪಟ್ಟು 1951ರಲ್ಲಿ ಅನುಭವಮಂಟಪದ ಐತಿಹಾಸಿಕತೆಯನ್ನು ಕುರಿತು ಗ್ರಂಥವನ್ನು ಹೊರತಂದರು. ಕನ್ನಡಿಗರು ಅವರನ್ನು 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರನ್ನಾಗಿ ಆರಿಸಿದರು. ಅವರು ಸಭೆಯನ್ನು ಬಿಡಲಿಲ್ಲ, ಪೂರ್ವಿಕರನ್ನೂ ಬಿಡಲಿಲ್ಲ. ಪಿಂಡವನ್ನು ಹಾಕದೆಯೂ ಪಿತೃಋಣವನ್ನು ತೀರಿಸಬಹುದೆಂಬದಕ್ಕೆ ಇದಕ್ಕಿಂತ ಉತ್ತಮವಾದ ಉದಾಹರಣೆಯನ್ನು ಈ ಜಿಲ್ಲೆಯಲ್ಲಿ ಹುಡುಕಬೇಕಾಗಿಲ್ಲ.

ಹಾಗೆಂದು ಎಲ್ಲ ಕಡೆಗೂ ಇಂಥ ಸಮಾಧಾನವೇ ಕಾಣುವದೆಂದು ತಿಳಿಯಬಾರದು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ ಕೌಂಡಿನ್ಯನು 1844ರಲ್ಲಿ ದೀಕ್ಷೆ ಪಡೆದು, ಬಾಸೆಲಿನಲ್ಲಿ ಓದಿ, ಪಾದ್ರಿಯಾಗಿ ಮರಳಿದನು. ದೀಕ್ಷೆಯ ನಂತರವೂ ಕೌಂಡಿನ್ಯವೆಂಬ ಋಷಿನಾಮವನ್ನು ಅವನು ಬಿಡಲಿಲ್ಲ. ಆದರೆ ಅವನ ಮೊದಲನೆಯ ಹೆಂಡತಿಯು ಅವನ ಜೊತೆಗೆ ಬರಲಿಲ್ಲ. ದಫ್ತರದಲ್ಲಿ ಬಂದವರ ಹೆಸರು ಇರುವದಲ್ಲದೆ ಬಾರದೆ ಉಳಿದವರ ಹೆಸರು ಇರುವದಿಲ್ಲ. ಒಬ್ಬನು ತನ್ನ ಅಂತರಾತ್ಮದ ಕರೆಗೆ ಓಗೊಟ್ಟು ಹೋದಾಗ, ಮನೆಯಲ್ಲಿ ಉಳಿದ ಹೆಂಡತಿಯೂ ತಾಯಿಯೂ ಯಾವ ಅಪರಾಧವನ್ನು ಮಾಡಿದ್ದರು? ಸಭೆಯ ಇತಿಹಾಸವನ್ನು ಬರೆಯುವವನು ಹೊಸದಾಗಿ ಹಚ್ಚಿದ ದೀಪಗಳನ್ನು ಎಣಿಸುವನು, ಊರಿನ ಇತಿಹಾಸವನ್ನು ಬರೆಯುವವನು ಹೋದವನನ್ನು ಹಳಿಯುವನು. ಅವಳ ಕಣ್ಣೀರನ್ನು ಎರಡೂ ಗ್ರಂಥಗಳು ಬರೆಯಲಿಲ್ಲ. ವಂಶಶೋಧಕನು ಋಣಿಯಾಗಿರುವದು ದಾಟಿದವನಿಗೆ ಮಾತ್ರವಲ್ಲ, ದಾಟದೆ ಉಳಿದವಳಿಗೂ ಹೌದು. ಯಾರ ಪಕ್ಷವನ್ನೂ ವಹಿಸದೆ ಇಬ್ಬರ ಹೆಸರನ್ನೂ ಬರೆಯುವದು ಅವನ ಮೊದಲನೆಯ ಧರ್ಮ.

ಮೂರನೆಯ ಪೂರ್ವಪಕ್ಷವು ಎಲ್ಲಕ್ಕಿಂತ ಕಠಿಣವಾದದ್ದು, ಏಕೆಂದರೆ ಅದು ದಯೆಯಿಂದ ಹುಟ್ಟಿದ್ದು. ದಫ್ತರದಲ್ಲಿ ಸಿಕ್ಕುವದು ಯಾವಾಗಲೂ ಗೌರವದ ಸಂಗತಿಯಾಗಿರುವದೆಂಬ ಭರವಸೆಯಿಲ್ಲ. ಬರದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡ ಮಗುವಿಗೆ ಮೂಲವೇ ತಿಳಿಯದಿರಬಹುದು. ಊರವರು ಮುಟ್ಟದೆ ದೂರ ನಿಲ್ಲಿಸಿದ ಕೇರಿಯಿಂದ ಬಂದವನು, ಹೊಸ ಹೆಸರಿನ ಮರೆಯಲ್ಲಿ ತನ್ನ ಮಕ್ಕಳಾದರೂ ತಲೆಯೆತ್ತಿ ನಡೆಯಲೆಂದು ಹಳೆಯದನ್ನು ಬೇಕೆಂದೇ ಮರೆಸಿದ್ದಿರಬಹುದು. ಸತ್ತವನು ಜತನದಿಂದ ಮುಚ್ಚಿದ್ದನ್ನು ಮರಿಮಗನು ತೆರೆಯುವದು ಪಿತೃಭಕ್ತಿಯೋ ಪಿತೃದ್ರೋಹವೋ?

ಇದಕ್ಕೆ ಎರಡು ಪುರಾತನ ಕಥೆಗಳು ಬೆಳಕನ್ನು ಕೊಡುವವು. ಭಾರತಯುದ್ಧವು ಮುಗಿದು ಸತ್ತವರಿಗೆ ಜಲತರ್ಪಣವನ್ನು ಕೊಡುವ ಸಮಯದಲ್ಲಿ ಕುಂತಿಯು ತನ್ನ ಮಕ್ಕಳಿಗೆ ಕರ್ಣನು ನಿಮ್ಮ ಹಿರಿಯಣ್ಣನೆಂದು ಹೇಳಿದಳು. ಅಷ್ಟು ದಿನ ಲೋಕಾಪವಾದಕ್ಕೆ ಅಂಜಿ ಮುಚ್ಚಿದ ಸತ್ಯವು ತರ್ಪಣದ ನೀರಿನ ಮುಂದೆ ಬಾಯಿಬಿಟ್ಟಿತು. ಧರ್ಮರಾಜನು ಅಣ್ಣನಿಗೆ ನೀರನ್ನು ಬಿಟ್ಟನು. ಆದರೆ ಅಣ್ಣನನ್ನು ಕೊಂದುದಾಗಿತ್ತು. ಮೊದಲೇ ತಿಳಿದಿದ್ದರೆ ಯುದ್ಧವೇ ನಡೆಯುತ್ತಿರಲಿಲ್ಲವೆಂದು ಅವನು ಹಲುಬಿದನು. ಮುಚ್ಚಿಟ್ಟ ಜನ್ಮವೃತ್ತಾಂತದಿಂದ ಒಡಹುಟ್ಟಿದವರು ಶತ್ರುಗಳಾಗುತ್ತಾರೆಂಬದು ಈ ಕಥೆಯ ಸಾರ. ಮೊರಬದಂಥ ಊರಿನಲ್ಲಿ ಒಂದೇ ಮೂಲಪುರುಷನ ಸಂತತಿಯವರು, ಒಬ್ಬರು ಹಿಂದುಗಳಾಗಿ ಒಬ್ಬರು ಕ್ರೈಸ್ತರಾಗಿ, ಪರಸ್ಪರರನ್ನು ಪರಕೀಯರೆಂದು ನೋಡುವ ಸಂಭವವು ಇಲ್ಲದಿಲ್ಲ. ಅಲ್ಲಿ ಹೆಳವನ ಪುಸ್ತಕವನ್ನೂ ಸಭೆಯ ಪುಸ್ತಕವನ್ನೂ ಕೂಡಿಸಿ ಓದುವದು ಕಲಹವನ್ನು ಹುಟ್ಟಿಸುವ ಕೆಲಸವಲ್ಲ, ಅಣ್ಣತಮ್ಮಂದಿರ ಗುರುತನ್ನು ಸಮಯವಿರುವಾಗ ಹೇಳುವ ಕೆಲಸ.

ಇನ್ನೊಂದು ಛಾಂದೋಗ್ಯದ ಸತ್ಯಕಾಮನ ಕಥೆ. ಗುರುಕುಲಕ್ಕೆ ಹೊರಟ ಹುಡುಗನು ತನ್ನ ಗೋತ್ರವಾವುದೆಂದು ತಾಯಿಯನ್ನು ಕೇಳಲು, ಜಬಾಲೆಯು ತಾನು ಹಲವರ ಸೇವೆಯಲ್ಲಿದ್ದಾಗ ಅವನನ್ನು ಪಡೆದುದರಿಂದ ಗೋತ್ರವನ್ನರಿಯೆನೆ೦ದು ಇದ್ದುದನ್ನು ಇದ್ದಂತೆ ಹೇಳಿದಳು. ಹುಡುಗನು ಗುರುವಿನ ಮುಂದೆ ಅದನ್ನೇ ಹೇಳಿದನು. ಹಾರಿದ್ರುಮತ ಗೌತಮನು ಸತ್ಯದಿಂದ ಜಾರಲಿಲ್ಲವೆಂಬ ಒಂದೇ ಕಾರಣಕ್ಕೆ ಅವನನ್ನು ಶಿಷ್ಯನಾಗಿ ಸ್ವೀಕರಿಸಿದನು. ಇಲ್ಲಿ ಗಮನಿಸತಕ್ಕ ಅಂಶವೆಂದರೆ ಸತ್ಯವನ್ನು ಯಾರು ಯಾರಿಗೆ ಹೇಳಿದರೆಂಬದು. ತಾಯಿಯು ಮಗನಿಗೆ ಹೇಳಿದಳು. ಮಗನು ತನ್ನ ವಿಷಯವಾಗಿ ತಾನೇ ಗುರುವಿಗೆ ಹೇಳಿದನು. ನೆರೆಯವನೊಬ್ಬನು ಬೀದಿಯಲ್ಲಿ ನಿಂತು ಜಬಾಲೆಯ ಸಂಗತಿಯನ್ನು ಸಾರಿದ್ದರೆ ಅದೂ ಸತ್ಯವೇ ಆಗುತ್ತಿತ್ತು, ಆದರೆ ಆ ಸಾರಿದವನನ್ನು ಉಪನಿಷತ್ತು ಋಷಿಯೆಂದು ಎಣಿಸುತ್ತಿರಲಿಲ್ಲ.

ಇಷ್ಟರಿಂದ ಸಿದ್ಧಾಂತವು ತಾನಾಗಿ ಒದಗಿಬರುವದು. ಪಿತೃಗಳ ವಿಷಯದಲ್ಲಿ ಋಣವು ಸತ್ಯದಿಂದ ತೀರತಕ್ಕದ್ದು. ತನ್ನ ಪೂರ್ವಿಕರಲ್ಲಿ ಬೇಕಾದವರನ್ನು ಆರಿಸಿಕೊಳ್ಳುವ, ಬೇಡಾದವರನ್ನು ಬಿಡುವ ಅಧಿಕಾರವು ಯಾರಿಗೂ ಇಲ್ಲ. ಮತ ಬಿಟ್ಟವನನ್ನು ಮನೆಯವರು ಅಳಿಸಬಾರದು, ಬಿಟ್ಟ ಮನೆಯನ್ನು ಸಭೆಯವರು ಅಳಿಸಬಾರದು. ಹಸಿವಿನಿಂದ ಬಂದವನನ್ನು ನಂಬಿಗೆಯಿಂದ ಬಂದನೆಂದು ಬರೆಯಬಾರದು, ನಂಬಿಗೆಯಿಂದ ಬಂದವನನ್ನು ಹಸಿವಿಗಾಗಿ ಬಂದನೆಂದು ಹೀಗಳೆಯಬಾರದು. ಬದುಕಿರುವವರ ವಿಷಯದಲ್ಲಿ ಋಣವು ಆನೃಶಂಸ್ಯದಿಂದ ತೀರತಕ್ಕದ್ದು. ತನ್ನ ಕವಲಿನ ಸಂಗತಿಯನ್ನು ಶೋಧಕನು ಧೈರ್ಯವಾಗಿ ಹೇಳಬಹುದು. ಅನ್ಯರ ಕವಲಿನದನ್ನು ಅವರಿಗೆ ಹೇಳಿ, ಲೋಕಕ್ಕೆ ಹೇಳುವದನ್ನು ಅವರ ಇಷ್ಟಕ್ಕೆ ಬಿಡಬೇಕು. ಅರಿಯುವದಕ್ಕೆ ಮಿತಿಯಿಲ್ಲ, ಸಾರುವದಕ್ಕೆ ಮಿತಿಯುಂಟು. ಈ ವಿವೇಕವಿಲ್ಲದ ಶೋಧವು ಪಾಂಡಿತ್ಯವಾಗಬಹುದಲ್ಲದೆ ಋಣಪರಿಹಾರವಾಗದು.

ಕೊನೆಯದಾಗಿ ಒಂದು ವ್ಯಾವಹಾರಿಕವಾದ ಮಾತು. ಬಾಸೆಲಿನ ಪಾದ್ರಿಗಳ ಕಾಗದಪತ್ರಗಳು ಬಾಸೆಲ್ ನಗರದ ದಫ್ತರಖಾನೆಯಲ್ಲಿಯೂ ಮಂಗಳೂರಿನ ಕರ್ನಾಟಕ ದೈವಜ್ಞಾನ ಕಾಲೇಜಿನ ಸಂಗ್ರಹದಲ್ಲಿಯೂ ಜತನವಾಗಿವೆ. ಅವುಗಳಲ್ಲಿ ಬಹಳಷ್ಟು ಹಳೆಯ ಜರ್ಮನ್ ಮೋಡಿಬರೆಹದಲ್ಲಿರುವದರಿಂದ ಭಾಷೆಯನ್ನು ಬಲ್ಲವರಿಗೂ ಓದುವದು ಕಷ್ಟ. ಊರೂರಿನ ಸಭೆಗಳಲ್ಲಿರುವ ದೀಕ್ಷೆ, ಮದುವೆ, ಮರಣಗಳ ಪುಸ್ತಕಗಳಿಗೆ ಗೆದ್ದಲಿನ ಭಯವು ತಪ್ಪಿದ್ದಲ್ಲ. ಹೆಳವರ ಮಕ್ಕಳು ಬೇರೆ ಉದ್ಯೋಗಗಳನ್ನು ಹಿಡಿಯುತ್ತಿರುವದರಿಂದ ಬಾಯಿಪಾಠದ ವಂಶಾವಳಿಗಳೂ ಅವರ ಹಿರಿಯರೊಡನೆ ಮಣ್ಣಾಗುತ್ತಿವೆ. ಸಭೆಯ ಪುಸ್ತಕವನ್ನು ಸಭೆಯವರೇ ಪ್ರತಿ ಮಾಡಬೇಕು, ಹೆಳವನ ಎಣಿಕೆಯನ್ನು ಒಕ್ಕಲುಮನೆಯವರೇ ಬರೆದುಕೊಳ್ಳಬೇಕು ಎಂದು ಕಾಯುತ್ತ ಕುಳಿತರೆ ಎರಡೂ ಉಳಿಯಲಿಕ್ಕಿಲ್ಲ. ಪರರ ಪೂರ್ವಿಕರ ಹೆಸರನ್ನು ಕಾಯ್ದಿಡುವದೂ ಮಾನವಋಣದ ಒಂದು ಭಾಗವೇ ಆಗಿದೆ. ಶ್ರದ್ಧೆಯಿಂದ ಮಾಡಿದುದಕ್ಕೇ ಶ್ರಾದ್ಧವೆಂಬ ಹೆಸರು ಸಲ್ಲುವದಾದರೆ, ಹರಿದ ಪುಟದ ಮೇಲಿನ ಒಂದು ಹೆಸರನ್ನು ತಪ್ಪಿಲ್ಲದೆ ಓದಿ ಬರೆದಿಟ್ಟವನು, ಅವನು ಯಾವ ಮತದವನೇ ಇರಲಿ, ಆ ಹೆಸರಿನವನಿಗೆ ಸಲ್ಲತಕ್ಕುದನ್ನು ಸಲ್ಲಿಸಿದಂತಾಯಿತು.